ಬೇಡವೆಂದವರು ಯಾರು?

ವಸಂತ ಟೀಚರ್ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಪರದೆಯನ್ನು ಮತ್ತೊಮ್ಮೆ ನೋಡಿದರು. 'ಇನ್ನು ನಿಮ್ಮ ಪತ್ರ ಬೇಡ ಎಂದವರು' ಎಂಬ ಅರ್ಥದ ಸಾಲಿನ ಕೆಳಗೆ ಒಂದೇ ಒಂದು ಹೆಸರಿತ್ತು: ಚನ್ನರಾಯಪಟ್ಟಣದ ಸುವರ್ಣಮ್ಮ.

ಹೊಳೆನರಸೀಪುರದ ಶಾಲೆಯಲ್ಲಿ ಇಬ್ಬರೂ ಜೊತೆಗೆ ಪಾಠ ಹೇಳಿದವರು. ನಿವೃತ್ತಿಯ ಮೇಲೆ ವಸಂತ ಸಾರಿನಪುಡಿ, ಚಟ್ನಿಪುಡಿ ಮಾಡಿ ಮಾರಲು ಹೊರಟಾಗ, "ನಿನ್ನ ಕೈರುಚಿ ನಾಲ್ಕು ಜನಕ್ಕೆ ಗೊತ್ತಾಗ್ಲಿ ಕಣೇ" ಎಂದು ಮೊದಲ ಪೊಟ್ಟಣ ಕೊಂಡವರೇ ಸುವರ್ಣಮ್ಮ. ಅವರು ಬೇಡವೆನ್ನುವುದೆ?

ಈ ಇ-ಮೇಲ್ ವ್ಯಾಪಾರ ಕಲಿಸಿದವನು ಹಾಸನದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಅಣ್ಣನ ಮಗ ಗಿರಿಧರ. ಇವರು ಒಂದು ಪತ್ರ ಬರೆದರೆ ಸಾಫ್ಟ್‌ವೇರ್ ಅದನ್ನು ಅವರವರ ಹೆಸರು ಹಾಕಿ ಎಲ್ಲ ಗಿರಾಕಿಗಳಿಗೂ ಕಳಿಸುತ್ತಿತ್ತು.

"ಅತ್ತೆ, ಕೇಳಿದೋರಿಗೆ ಮಾತ್ರ ಕಳಿಸಿ. ಮೊದಲು ನಿಮಗೇ ಒಂದು ಕಳಿಸ್ಕೊಂಡು ನೋಡಿ. ಕೊನೇಲಿ 'ಬೇಡವಾದರೆ ಇಲ್ಲಿ ಒತ್ತಿ' ಅಂತ ಇರ್ಲೇಬೇಕು" ಎಂದಿದ್ದ.

"ಹಬ್ಬದ ಕಾಗದದಲ್ಲಿ ಬೇಡ ಅನ್ನೋ ಮಾತ್ಯಾಕೋ? ಕರೆದು ಕೂರಿಸಿ ಬಾಗಿಲು ತೋರಿಸಿದ ಹಾಗಾಗಲ್ವಾ?"

"ಬಾಗಿಲಿದ್ರೇನೇ ಅತ್ತೆ ಜನ ಒಳಗೆ ಬರೋದು."

ಗೌರಿ ಹಬ್ಬಕ್ಕೆ ಕಳಿಸಿದ ಆ ಮೊದಲ ಪತ್ರದಲ್ಲೇ ಸುವರ್ಣಮ್ಮ ಹೊರಗೆ ಹೋಗಿಬಿಟ್ಟಿದ್ದರು. ಗಿರಿಧರನಿಗೆ ಫೋನ್ ಮಾಡಿದರೆ, "ಮೆಷಿನ್ ಯಾಕೆ ಸುಳ್ಳು ಹೇಳುತ್ತೆ? ಅವರ ಪತ್ರದಿಂದಲೇ ಒತ್ತಿದಾರೆ" ಎಂದ. ಪುಡಿಗೆ ಉಪ್ಪು ಹೆಚ್ಚಾಯಿತೆ? ಅವರ ಮೊಮ್ಮಗಳ ನಾಮಕರಣಕ್ಕೆ ಹೋಗದಿದ್ದುದು ಮನಸ್ಸಿನಲ್ಲಿ ಉಳಿಯಿತೆ? ಕೇಳಲು ಬಾಯಿ ಬರಲಿಲ್ಲ. ದೀಪಾವಳಿಯ ಪತ್ರವೂ ಹೋಯಿತು, ಸುವರ್ಣಮ್ಮನೊಬ್ಬರನ್ನು ಬಿಟ್ಟು. ಆಮೇಲೆ ತಡೆಯಲಾಗದೆ ಒಂದು ಪೊಟ್ಟಣ ಚಟ್ನಿಪುಡಿ ಚೀಲಕ್ಕೆ ಹಾಕಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದರು.

ಬಾಗಿಲು ತೆಗೆದ ಸುವರ್ಣಮ್ಮನ ಮುಖ ಅರಳಲಿಲ್ಲ.

"ಬಾ. ಈಗ ನೆನಪಾಯ್ತಾ? ಪಕ್ಕದ ಮನೆ ಪ್ರೇಮಕುಮಾರಿಗೂ ದೀಪಾವಳಿ ಕಾಗದ ಬಂತು. ನನ್ನೊಬ್ಬಳನ್ನ ಬಿಟ್ಟೆ."

ವಸಂತ ಹೊಸ್ತಿಲಲ್ಲೇ ನಿಂತರು. "ನೀನೇ ಬೇಡ ಅಂತ ಒತ್ತಿದೆಯಲ್ಲೇ!"

"ನಾನಾ? ನಿನಗೆ ನಾಲ್ಕು ಗಿರಾಕಿ ಆಗ್ಲಿ ಅಂತ ಗೌರಿ ಹಬ್ಬದ ಕಾಗದಾನ ನಮ್ಮ ನೆಂಟರಿಗೆಲ್ಲ ಕಳಿಸಿದೀನಿ. ನಾನ್ಯಾಕೆ ಬೇಡ ಅನ್ಲಿ?"

ಇಬ್ಬರಿಗೂ ಏನೂ ತಿಳಿಯಲಿಲ್ಲ. ಮತ್ತೆ ಹಾಸನಕ್ಕೆ ಫೋನ್ ಹೋಯಿತು. ಗಿರಿಧರ ನಕ್ಕುಬಿಟ್ಟ.

"ಓ, ಹಾಗಾ! ಆ ಪತ್ರದ ಕೆಳಗಿರೋ ಬೇಡ ಅನ್ನೋ ಸಾಲು ಸುವರ್ಣಮ್ಮೋರ ಹೆಸರಿಗೇ ಅಂಟಿಕೊಂಡಿರುತ್ತೆ ಅತ್ತೆ. ಅವರು ಕಳಿಸಿದ ನೆಂಟರಲ್ಲಿ ಯಾರು ಒತ್ತಿದ್ರೂ ಪಟ್ಟಿಯಿಂದ ಹೋಗೋದು ಇವರ ಹೆಸರೇ."

ಸುವರ್ಣಮ್ಮನಿಗೆ ತಟ್ಟನೆ ದಂಡಿಗನಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ, ಬೇಡದ್ದನ್ನು ಬೇಡವೆಂದೇ ಹೇಳುವ ತಮ್ಮ ನಂಜಪ್ಪನ ನೆನಪಾಯಿತು; ಅವನಿಗೇ ಫೋನ್ ಮಾಡಿದರು. ಅವನ ದನಿ ವಸಂತರಿಗೂ ಕೇಳಿಸಿತು.

"ಊಂ ಕಣಕ್ಕ, ನಾನೇ ಒತ್ತುದ್ದು. ಡಾಕ್ಟ್ರು ಖಾರ ಮುಟ್ಬ್ಯಾಡ ಅಂದವ್ರೆ. ಪಾಪ, ಆ ಟೀಚರಮ್ಮ ತಗತಾನೆ ಅಂತ ಸುಮ್ಕೆ ಕಾಯ್ಕಂಡ್ ಕೂರದು ಬ್ಯಾಡ ಅಂತ ಒತ್ತುಬುಟ್ಟೆ. ಯಾಕೆ, ತೆಪ್ಪಾಯ್ತಾ?"

"ಇಲ್ಲ ಕಣೋ" ಎಂದರು ಸುವರ್ಣಮ್ಮ. ವಸಂತ ಸೆರಗಿನಿಂದ ಕಣ್ಣೊರೆಸಿಕೊಂಡರು. ತಾನು ಕಾಯಬಾರದೆಂದು ಯಾರೋ ಯೋಚಿಸಿದ್ದಕ್ಕೆ ಇಷ್ಟು ದಿನ ನಿದ್ದೆಗೆಟ್ಟದ್ದೆ?

ಆದರೂ ಸುವರ್ಣಮ್ಮನ ಹೆಸರನ್ನು ವಸಂತ ತಾವಾಗಿಯೇ ಮತ್ತೆ ಸೇರಿಸುವಂತಿಲ್ಲವಂತೆ. ಬೇಡವೆಂದವರು ತಾವೇ ಒಪ್ಪಬೇಕು, ಅದಕ್ಕೊಂದು ಪತ್ರ ಕಳಿಸುತ್ತೇನೆ ಎಂದ ಗಿರಿಧರ.

"ನೀನು ನನ್ನ ಪಕ್ಕದಲ್ಲೇ ಕೂತಿದ್ದೀಯ. ನನ್ನ ಒಪ್ಪಿಗೆ ಕೇಳೋಕೆ ಹಾಸನದಿಂದ ಕಾಗದ ಬರ್ಬೇಕಾ?" ಎಂದು ಗೊಣಗುತ್ತಲೇ ಸುವರ್ಣಮ್ಮ ಕಂಪ್ಯೂಟರ್ ಹಾಕಿದರು. ಕಾಫಿ ಆರುವುದರೊಳಗೆ ಪತ್ರ ಬಂತು. ಕೆಳಗೆ ಮತ್ತೆ ಅದೇ ಮಾತು: ಇಲ್ಲಿ ಒತ್ತಿ.

ಮೌಸ್ ಹಿಡಿದ ಕೈ ಅಲ್ಲೇ ನಿಂತಿತು. "ವಸಂತಾ, ಒತ್ತಿದ್ರೆ ಮತ್ತೆ ಹೋಗ್ಬಿಡಲ್ಲ ತಾನೇ?"

ವಸಂತರಿಗೂ ಖಚಿತವಿರಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಒತ್ತು. ಹೋದ್ರೆ ಹೋಗ್ಲಿ, ನಾನಿಲ್ಲೇ ಇದ್ದೀನಲ್ಲ."