ಲಕೋಟೆಯ ಬೆನ್ನಿನ ಮೂರು ಗೆರೆ

ಹೇಳಬಾರದ್ದನ್ನು ಹೇಳುತ್ತಿದ್ದೇನೇನೋ ಎಂಬ ಅಳುಕು ನನಗಿದೆ. ಒಬ್ಬರು ಯಾರಿಗೆ ಮತ ಹಾಕಿದರು ಎನ್ನುವುದು ಅವರೊಬ್ಬರಿಗೇ ಸೇರಿದ ಮಾತು. ಅವರ ಕಣ್ಣಿಗೆ ಎಷ್ಟು ಕಾಣುತ್ತದೆ ಎನ್ನುವುದೂ ಹಾಗೆಯೇ. ಅಮೆರಿಕದ ಚುನಾವಣೆಯ ಬಗ್ಗೆ ನನಗೆ ತಿಳಿದಿರುವುದಂತೂ ಅಷ್ಟಕ್ಕಷ್ಟೆ. ತಪ್ಪಿದ್ದರೆ ಓದುವವರು ಮನ್ನಿಸಬೇಕು. ಮೊಯಿದಿನಬ್ಬ ಹೇಳಿದ್ದಕ್ಕಿಂತ ಹೆಚ್ಚೇನನ್ನೂ ಸೇರಿಸದಿರಲು ಪ್ರಯತ್ನಿಸಿದ್ದೇನೆ.

"ಇನ್ನೊಮ್ಮೆ ಓದು," ಎಂದರು ಟಾಲ್ಬರ್ಟ್.

ಮೊಯಿದಿನಬ್ಬ ಅಮೆರಿಕದಿಂದ ಅಂಚೆಯಲ್ಲಿ ಬಂದ ಮತಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಮೊದಲಿನಿಂದ ಓದಿದ. ಸೆನೆಟರ್ ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಮೇಲಿನದು ಈಗಿರುವ ಸೆನೆಟರನ ಹೆಸರು, ಕೆಳಗಿನದು ಎದುರಾಳಿಯದು. ಎರಡರ ಮುಂದೆಯೂ ಒಂದೊಂದು ಖಾಲಿ ಚೌಕ. ಅದು 1986ರ ಅಕ್ಟೋಬರ್ ತಿಂಗಳ ಒಂದು ಗುರುವಾರ, ರಜೆಯ ದಿನ. ಸೌದಿ ಅರೇಬಿಯಾದ ದಹ್ರಾನಿನ ಆ ಕ್ಯಾಂಪಿನಲ್ಲಿದ್ದ ಉಳಿದ ಅಮೆರಿಕನ್ನರು ಈಜುಕೊಳದ ಕಡೆ ಹೋಗಿದ್ದರು. ಟಾಲ್ಬರ್ಟರ ಕ್ಯಾಬಿನ್ನಿನಲ್ಲಿ ಏಸಿ ಒಂದೇ ಸಮನೆ ಗುರುಗುಟ್ಟುತ್ತಿತ್ತು.

ಟಾಲ್ಬರ್ಟರಿಗೆ ಅರವತ್ತೊಂದು. ಪೈಪ್‌ಲೈನ್ ಗುತ್ತಿಗೆಯ ಕಂಪನಿಯೊಂದರಲ್ಲಿ ಯಾವ ಸಾಮಾನು ಯಾವಾಗ ಬೇಕು ಎಂದು ಯೋಜನೆ ಹಾಕುವುದು ಅವರ ಕೆಲಸ. ಮೊಯಿದಿನಬ್ಬ ಅವರ ಟೈಪಿಸ್ಟ್. ಉಳ್ಳಾಲದವನು. ಹಗಲು ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆದು ಸಂಜೆ ಮಂಗಳೂರಿನ ಟೈಪಿಂಗ್ ಕ್ಲಾಸಿಗೆ ಹೋಗಿ ಕಲಿತವನು. ಒಂದೂವರೆ ವರ್ಷದ ಹಿಂದೆ ಟಾಲ್ಬರ್ಟ್ ಒಂದು ಕಾಗದಕ್ಕೆ ತಲೆಕೆಳಗಾಗಿ ಸಹಿ ಹಾಕಿದ್ದರು. ಮೊಯಿದಿನಬ್ಬ ಏನೂ ಹೇಳದೆ ಆ ಕಾಗದವನ್ನು ಹರಿದು, ಹೊಸದು ಟೈಪ್ ಮಾಡಿ, ಸಹಿಯ ಜಾಗದ ಕೆಳಗೆ ಸ್ಟೀಲಿನ ಸ್ಕೇಲು ಇಟ್ಟು ಅವರ ಬೆರಳಿಗೆ ತಾಗಿಸಿದ. ಅಂದಿನಿಂದ ಅವರಿಗೆ ಬಂದದ್ದನ್ನೆಲ್ಲ ಅವನೇ ಓದಿ ಹೇಳುತ್ತಿದ್ದ. ಆಕಾರ, ಬೆಳಕು ಅವರಿಗೆ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಕಂಪನಿಗೆ ಗೊತ್ತಾದರೆ ಅವರನ್ನು ಮನೆಗೆ ಕಳಿಸುತ್ತಾರೆ, ಅವರ ಹಿಂದೆಯೇ ಅಲ್ಲಿ ವಾಸಿಸಲು ಬೇಕಾದ ತನ್ನ ಇಕಾಮಾವೂ ರದ್ದಾಗುತ್ತದೆ ಎಂಬುದನ್ನು ಮೊಯಿದಿನಬ್ಬನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಮೇಲಿನವನಿಗೆ ಹಾಕು," ಎಂದರು ಟಾಲ್ಬರ್ಟ್.

"ಸರ್, ಅದು ಹಳಬರ ಹೆಸರು."

"ಗೊತ್ತು."

ಮೊಯಿದಿನಬ್ಬನಿಗೆ ಆಶ್ಚರ್ಯವಾಯಿತು. ಆ ಸೆನೆಟರನನ್ನು ಟಾಲ್ಬರ್ಟ್ ಬೈಯದ ವಾರವಿರಲಿಲ್ಲ. ಹದಿನೆಂಟು ವರ್ಷದಿಂದ ಕುರ್ಚಿಗೆ ಅಂಟಿಕೊಂಡಿದ್ದಾನೆ, ಒಂದು ಸೇತುವೆ ರಿಪೇರಿ ಮಾಡಿಸಲಿಲ್ಲ ಎಂದು ಚಹಾದ ಹೊತ್ತಿಗೆ ಶುರುವಾದರೆ ಲೋಟ ತಣ್ಣಗಾಗುವವರೆಗೂ ನಡೆಯುತ್ತಿತ್ತು.

"ಆ ಹಾಳೆಯಲ್ಲಿ ನನಗೆ ಗೊತ್ತಿರುವ ಹೆಸರು ಅದೊಂದೇ," ಎಂದರು ಟಾಲ್ಬರ್ಟ್. "ನಾನು ಓದಿದ ಶಾಲೆ ಕೆಡವಿದರಂತೆ. ಹೆಂಡತಿ ಹೋದಳು. ಅವಳ ತಮ್ಮ ಮನೆ ಮಾರಿ ಎಲ್ಲಿಗೋ ಹೋದ. ಈ ಕಳ್ಳನಾದರೂ ಇದ್ದಲ್ಲೇ ಇರಲಿ. ಹಾಕು."

ಮೊಯಿದಿನಬ್ಬ ಹಾಕಿದ. ಅವನಿಗೆ ಮೂವತ್ತೆರಡು ವರ್ಷ. ಅಲ್ಲಿಯವರೆಗೆ ಒಂದು ಮತವನ್ನೂ ಹಾಕಿದವನಲ್ಲ. ನಮ್ಮಲ್ಲಿ ಆಗ ಮತ ಹಾಕಲು ಇಪ್ಪತ್ತೊಂದು ತುಂಬಬೇಕಿತ್ತು, ಅವನು ಇಪ್ಪತ್ತಕ್ಕೇ ಊರು ಬಿಟ್ಟಿದ್ದ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಗೋಡೆಗಳ ಮೇಲೆ ಮುಗಿದ ಚುನಾವಣೆಯ ಬರಹ ಮಾತ್ರ ಇರುತ್ತಿತ್ತು. ಚೌಕದ ಅಂಚು ಮೀರದಂತೆ ಗುರುತನ್ನು ನಿಧಾನವಾಗಿ ಎಳೆದಿದ್ದ.

ಮತಪತ್ರವನ್ನು ಒಳಗಿನ ಲಕೋಟೆಯಲ್ಲಿಟ್ಟು ಅಂಟಿಸಿ ಹೊರಗಿನದರ ಬೆನ್ನು ತಿರುಗಿಸಿದಾಗ ಅಲ್ಲಿ ತುಂಬಬೇಕಾದ ಇನ್ನೂ ಮೂರು ಗೆರೆಗಳಿದ್ದವು. ಅವನ್ನೂ ಓದಿದ: ಮತದಾರನ ಪರವಾಗಿ ಬೇರೆಯವರು ಗುರುತು ಹಾಕಿದ್ದರೆ ಅವರ ಹೆಸರು, ವಿಳಾಸ, ಸಹಾಯ ಬೇಕಾದ ಕಾರಣ. ತುಂಬದಿದ್ದರೆ ಮತ ಅಸಿಂಧು.

ಟಾಲ್ಬರ್ಟ್ ಲಕೋಟೆಯನ್ನು ಕೈಗೆ ತೆಗೆದುಕೊಂಡು ಅದರ ಬೆನ್ನನ್ನು ಬೆರಳಿನಿಂದ ಸವರಿದರು.

"ಅಂಚೆಗೆ ಹಾಕುವ ಮೊದಲು ಈ ಲಕೋಟೆಗಳನ್ನು ಕ್ಲಬ್ಬಿನಲ್ಲಿ ಮೇಜು ಹಾಕಿ ನಮ್ಮವರೇ ನೋಡುತ್ತಾರೆ," ಎಂದರು ಕೊನೆಗೆ. "ಅದನ್ನು ಖಾಲಿ ಬಿಡು. ನೀನು ಇಲ್ಲಿ ಇರಲೇ ಇಲ್ಲ ಅಂತ ತಿಳಿದುಕೋ."

ಅವರು ಒರಟಾಗಿ ಹೇಳಿರಲಿಲ್ಲ. ಆದರೂ ನೀನು ಇರಲೇ ಇಲ್ಲ ಎಂಬ ಮಾತು ಮೊಯಿದಿನಬ್ಬನಿಗೆ ಎಲ್ಲೋ ಚುಚ್ಚಿತು. ತನ್ನ ಕೋಣೆ ಬಿಟ್ಟರೆ ವಾರದಲ್ಲಿ ಅವನು ನಾಲ್ಕು ಮಾತು ನೆಟ್ಟಗೆ ಆಡುತ್ತಿದ್ದುದು ಆ ಕ್ಯಾಬಿನ್ನಿನಲ್ಲೇ.

ಶನಿವಾರ ಲಕೋಟೆಯನ್ನು ಕ್ಲಬ್ಬಿಗೆ ಮುಟ್ಟಿಸುವ ಕೆಲಸ ಅವನದೇ. ಶುಕ್ರವಾರ ಜುಮಾ ನಮಾಜು ಮುಗಿಸಿ ಕೋಣೆಗೆ ಬಂದಾಗ ಅದೇ ಕೋಣೆಯಲ್ಲಿದ್ದ ದೇಜಪ್ಪ ಖತೀಫಿನ ಮಾರುಕಟ್ಟೆಯಿಂದ ತಂದ ಮೀನು ಹೆಚ್ಚುತ್ತಿದ್ದ. ಕಾಪು ಕಡೆಯವನು, ಎಲೆಕ್ಟ್ರೀಷಿಯನ್, ಮೊಯಿದಿನಬ್ಬನಿಗಿಂತ ಆರು ವರ್ಷ ಚಿಕ್ಕವನು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಹಾಕಿಸಿ ಮೊಯಿದಿನಬ್ಬ ಎಲ್ಲ ಹೇಳಿದ.

"ಅಲ್ಲ ಮೊಯ್ದಿನಾಕ, ಈ ಸೆನೆಟರ್ ಅಂದ್ರೆ ಎಂತ? ನಮ್ಮ ಎಮ್ಮೆಲ್ಲೆ ಹಾಗೆಯಾ?"

"ಅಲ್ಲ. ಇಡೀ ರಾಜ್ಯಕ್ಕೆ ಇಬ್ಬರೇ. ವಾಷಿಂಗ್ಟನ್ನಿಗೆ ಹೋಗಿ ಕೂತುಕೊಳ್ಳುದು."

"ಇಬ್ಬರಾ! ಹಾಗಾದ್ರೆ ಕ್ಷೇತ್ರದಲ್ಲಿ ಮದುವೆಗೆ, ಸತ್ತವರ ಬೊಜ್ಜಕ್ಕೆಲ್ಲ ಹೇಗೆ ಹೋಗ್ತಾರೆ ಪಾಪ?"

"ತಮಾಷೆ ಬೇಡ ಮಾರಾಯ. ಆ ಗೆರೆ ತುಂಬದಿದ್ರೆ ವೋಟು ಕ್ಯಾನ್ಸಲ್. ಅಲ್ಲೇ ಪ್ರಿಂಟ್ ಮಾಡಿದ್ದಾರೆ."

"ಆಗ್ಲಿ ಬಿಡಿ. ಒಂದು ವೋಟು ಹೋದ್ರೆ ಎಂತ ಮುಳುಗ್ತದೆ? ನೀವು ಬರೆದ್ರೆ ಮುಳುಗುದು ನೀವಿಬ್ರು. ಎಣ್ಣೆಗೆ ರೇಟಿಲ್ಲ, ಕಂಪನಿಯವರು ಜನ ಕಳಿಸ್ಲಿಕ್ಕೆ ನೆವ ಹುಡುಕ್ತಾ ಉಂಟು. ನೀವೇ ಹೋಗಿ ನೆವ ಕೈಗೆ ಕೊಡುದಾ?"

"ಅವರಿಗೆ ಅದೊಂದೇ ಉಳಿದದ್ದು ದೇಜಪ್ಪ. ಮತ್ತೆ, ಗುರುತು ಹಾಕಿದ್ದು ನಾನಲ್ವಾ?"

"ಹಾಕಿದ್ದು ನೀವು. ವೋಟು ಯಾರದ್ದು?"

ದೇಜಪ್ಪ ಮೀನಿಗೆ ಉಪ್ಪು ಸವರುತ್ತ, "ನಿಮ್ಮದು ಯಾವಾಗ್ಲೂ ಹೀಗೆ. ನಿಯತ್ತು ಜಾಸ್ತಿಯಾಗಿ ಅಜೀರ್ಣ," ಎಂದ.

ಮೊಯಿದಿನಬ್ಬ ಮಂಚದ ಮೇಲೆ ಕೂತು ಊರಿನಲ್ಲಿದ್ದ ಹೆಂಡತಿ ಝೊಹರಾಳಿಗೆ ಪತ್ರ ಬರೆಯತೊಡಗಿದ. ನಿನ್ನೆ ನಾನು ವೋಟು ಹಾಕಿದೆ ಎಂದು ಬರೆಯಬೇಕೆನಿಸಿತು. ಯಾರ ವೋಟು, ಯಾವ ದೇಶದ್ದು, ಹೇಗೆ ಎಂದೆಲ್ಲ ಬರೆಯುವುದು ಹೇಗೆಂದು ತಿಳಿಯದೆ ಇಲ್ಲಿ ಎಲ್ಲ ಕ್ಷೇಮ ಎಂದು ಬರೆದು ನಿಲ್ಲಿಸಿದ. ಆಮೇಲೆ ಟಾಲ್ಬರ್ಟರ ಲಕೋಟೆಯನ್ನು ಹೊರತೆಗೆದು ಬಿಸ್ಕತ್ತಿನ ಡಬ್ಬಿಯ ಮೇಲಿಟ್ಟುಕೊಂಡ. ಅರ್ಜಿಯಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡಬಾರದು ಎಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸಿದ್ದರು. ಅದಕ್ಕಾಗಿಯೇ ಬರೆದೆ ಎಂದು ಅವನು ನನ್ನಲ್ಲಿ ಒಮ್ಮೆ ಹೇಳಿದ. ಇನ್ನೊಮ್ಮೆ, ಆ ಕಾಗದದಲ್ಲಿ ಎಲ್ಲಾದರೂ ನನ್ನ ಹೆಸರಿರಲಿ ಅನ್ನಿಸಿತ್ತು ಎಂದ. ಎರಡರಲ್ಲಿ ಯಾವುದು ನಿಜ ಎಂದು ಅವನಿಗೂ ಖಾತ್ರಿ ಇದ್ದಂತಿರಲಿಲ್ಲ. ಹೆಸರು ಬರೆದ. ಕಂಪನಿಯ ಪೋಸ್ಟ್ ಬಾಕ್ಸ್ ನಂಬರು ಬರೆದ. ಮೂರನೆಯ ಗೆರೆಯಲ್ಲಿ, ಮತದಾರರಿಗೆ ಅಕ್ಷರ ಕಾಣುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದ.

ಕ್ಲಬ್ಬಿನ ಮೇಜಿನ ಹಿಂದೆ ಇಂಜಿನಿಯರೊಬ್ಬರ ಹೆಂಡತಿ ಕೂತಿದ್ದಳು. ಕನ್ನಡಕವನ್ನು ಸರಪಳಿ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಳು. ಅದನ್ನು ಮೂಗಿಗೇರಿಸಿ ಲಕೋಟೆಯ ಬೆನ್ನಿನ ಮೇಲೆ ಪೆನ್ಸಿಲ್ ಆಡಿಸುತ್ತ ಬಂದಳು. ಮೂರನೆಯ ಗೆರೆಯಲ್ಲಿ ಪೆನ್ಸಿಲ್ ನಿಂತಿತು.

"ಇದನ್ನು ಬರೆದದ್ದು ನೀನೇನಾ?"

"ಹೌದು ಮೇಡಂ."

"ಎಷ್ಟು ದಿನದಿಂದ ಅವರಿಗೆ ಹೀಗೆ?"

"ಸಣ್ಣ ಅಕ್ಷರ ಮಾತ್ರ ಮೇಡಂ," ಎಂದ ಮೊಯಿದಿನಬ್ಬ. "ಉಳಿದದ್ದೆಲ್ಲ ಚೆನ್ನಾಗಿ ಕಾಣುತ್ತದೆ."

ಅವಳು ಅವನ ಮುಖವನ್ನೇ ನೋಡಿದಳು. "ಒಬ್ಬರೂ ನಮಗೆ ಹೇಳಲಿಲ್ಲವಲ್ಲ," ಎಂದಳು. ಲಕೋಟೆಯನ್ನು ಉಳಿದವುಗಳ ಜೊತೆ ಕ್ಯಾನ್ವಾಸ್ ಚೀಲಕ್ಕೆ ಹಾಕಿದಳು.

ನವೆಂಬರ್ ಮೊದಲ ವಾರದ ಬುಧವಾರ ಟಾಲ್ಬರ್ಟ್ ಆಫೀಸಿಗೆ ಬರುವಾಗಲೇ ನಗುತ್ತಿದ್ದರು. ರೇಡಿಯೋದಲ್ಲಿ ಕೇಳಿದ್ದರಂತೆ. "ಗೆದ್ದ! ದೊಡ್ಡ ಅಂತರದಿಂದ ಗೆದ್ದ ಕಳ್ಳ!" ಎಂದು ಮೇಜು ಕುಟ್ಟಿದರು. "ಇನ್ನು ಆರು ವರ್ಷ ಬೈಯಬಹುದು." ಕ್ಯಾಂಟೀನಿನಿಂದ ತಂದ ಕೇಕನ್ನು ಎರಡು ತುಂಡು ಮಾಡಿ ದೊಡ್ಡದನ್ನು ಅವನ ಕಡೆ ಸರಿಸಿದರು. "ನಾವು ಗೆದ್ದೆವು, ಮೊಯಿದಿನ್." ಆಗಲೇ ಹೇಳಿಬಿಡೋಣ ಎಂದು ಮೊಯಿದಿನಬ್ಬ ಬಾಯಿ ತೆರೆದ. ಕೇಕಿನ ಹುಡಿ ಗಂಟಲಿಗೆ ಸಿಕ್ಕಿತು. ಕೆಮ್ಮು ನಿಲ್ಲುವಷ್ಟರಲ್ಲಿ ಫೋನು ಬಂತು.

ಡಿಸೆಂಬರಿನಲ್ಲಿ ಹನ್ನೊಂದು ಅಮೆರಿಕನ್ನರಿಗೆ ಒಂದೇ ದಿನ ಕಾಗದ ಬಂತು. ಟಾಲ್ಬರ್ಟ್ ತಮ್ಮದನ್ನು ಒಡೆಯದೆ ತಂದು ಮೊಯಿದಿನಬ್ಬನ ಕೈಗಿಟ್ಟರು. "ಓದು."

ಅವನು ಓದಿದ. ಎಣ್ಣೆಯ ಬೆಲೆ ಕುಸಿದಿದೆ, ಕೆಲಸ ಕಡಿಮೆಯಾಗಿದೆ, ಇಷ್ಟು ವರ್ಷದ ಸೇವೆಗೆ ಕಂಪನಿ ಕೃತಜ್ಞವಾಗಿದೆ, ತಿಂಗಳ ಕೊನೆಗೆ ವಿಮಾನದ ಟಿಕೆಟ್ ಕೊಡಲಾಗುವುದು.

"ಅಷ್ಟೇನಾ? ಬೇರೆ ಕಾರಣ ಏನೂ ಬರೆದಿಲ್ಲವೇ?"

"ಇಲ್ಲ ಸರ್."

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದ. ಕಣ್ಣಿನ ಮಾತು ಎಲ್ಲಿಯೂ ಇರಲಿಲ್ಲ. ತಾನು ಏನಾದರೂ ಬಿಟ್ಟು ಓದುತ್ತಿದ್ದೇನೆಂದು ಅವರಿಗೆ ಅನುಮಾನ ಬಂದಿರಬಹುದೇ ಎಂದು ಅವನಿಗೆ ಮೊದಲ ಬಾರಿ ಅನಿಸಿತು. ಕಾಗದವನ್ನು ಮಡಿಚಿ ಮೇಜಿನ ಮೇಲಿಟ್ಟ.

"ಸರ್, ಆ ಲಕೋಟೆಯ ಗೆರೆ ನಾನು ಖಾಲಿ ಬಿಡಲಿಲ್ಲ. ನನ್ನ ಹೆಸರು ಬರೆದೆ. ಕಾರಣವನ್ನೂ ಬರೆದೆ. ಕ್ಲಬ್ಬಿನ ಮೇಡಂ ಓದಿದರು."

ಟಾಲ್ಬರ್ಟ್ ಕಿಟಕಿಯ ಕಡೆ ಮುಖ ಮಾಡಿದರು. ಹೊರಗೆ ಕ್ರೇನೊಂದು ಪೈಪು ಎತ್ತುತ್ತಿತ್ತು. ಅವರು ಬೈಯುತ್ತಾರೆ ಎಂದು ಮೊಯಿದಿನಬ್ಬ ಕಾದ. ಬೈದರೆ ಹಗುರಾಗುತ್ತದೆ ಎಂದೂ ಅವನಿಗೆ ಅನಿಸಿತ್ತು.

"ಹಾಗಾದರೆ ಅದು ಎಣಿಕೆಗೆ ಸೇರಿರಬೇಕು," ಎಂದರು ಟಾಲ್ಬರ್ಟ್. ಆ ದಿನ ಸಂಜೆಯವರೆಗೂ ಅವನಿಂದ ಏನನ್ನೂ ಓದಿಸಿಕೊಳ್ಳಲಿಲ್ಲ.

ಮೊಯಿದಿನಬ್ಬನ ಕೆಲಸ ಹೋಗಲಿಲ್ಲ. ದೇಶದ ಇನ್ನೊಂದು ತುದಿಯ ಜಿಜಾನಿನ ಬಂದರಿನಲ್ಲಿ ಕಂಪನಿಯ ಗೋದಾಮಿಗೆ ಟೈಪಿಸ್ಟ್ ಬೇಕಾಗಿತ್ತು, ಅಲ್ಲಿಗೆ ಹಾಕಿದರು. "ಅಲ್ಲಿ ನಮ್ಮ ಊರಿನವರು ಒಬ್ಬರೂ ಇಲ್ಲವಂತೆ ಮಾರ್ರೆ," ಎಂದ ದೇಜಪ್ಪ. ಈ ಸಲ ಅವನು ತಮಾಷೆ ಮಾಡಲಿಲ್ಲ.

ಟಾಲ್ಬರ್ಟ್ ಹೊರಡುವ ಬೆಳಿಗ್ಗೆ ವಿಮಾನ ನಿಲ್ದಾಣದ ಬಸ್ಸು ಕ್ಯಾಂಪಿನ ಗೇಟಿಗೆ ಬಂತು. ಮೊಯಿದಿನಬ್ಬ ಪೆಟ್ಟಿಗೆ ಹೊತ್ತು ತಂದು ಏರಿಸಿದ. ಕೈಕುಲುಕಿದರು. ಅವನು ಕೆಳಗಿಳಿದು ಬಿಸಿಲು ತಪ್ಪಿಸಿ ಕಾವಲುಗಾರನ ಗೂಡಿನ ನೆರಳಲ್ಲಿ ನಿಂತ. ಬಸ್ಸು ಹೊರಟಾಗ ಟಾಲ್ಬರ್ಟ್ ಕಿಟಕಿಯಿಂದ ಕೈ ಬೀಸಿದರು. ಆದರೆ ಅವನು ನಿಂತ ಕಡೆಗಲ್ಲ. ಗೇಟಿನ ಇನ್ನೊಂದು ಬದಿಗೆ, ಯಾರೂ ಇಲ್ಲದ ಕಡೆಗೆ. ಮೊಯಿದಿನಬ್ಬ ರಸ್ತೆ ದಾಟಿ ಓಡಿ ಅಲ್ಲಿ ಹೋಗಿ ನಿಂತು ಕೈ ಎತ್ತಿದ. ಬಸ್ಸು ತಿರುವು ದಾಟುವವರೆಗೆ ಕೈ ಇಳಿಸಲಿಲ್ಲ.

ಆ ಹೆಂಗಸು ಯಾರಿಗಾದರೂ ಹೇಳಿದಳೇ, ಹನ್ನೊಂದು ಹೆಸರುಗಳಲ್ಲಿ ಟಾಲ್ಬರ್ಟರದು ಹೇಗೆ ಸೇರಿತು, ಆ ಲಕೋಟೆಯನ್ನು ಕೊನೆಗೆ ಒಡೆದು ಎಣಿಸಿದರೇ ಎಂಬುದು ಮೊಯಿದಿನಬ್ಬನಿಗೆ ತಿಳಿಯಲಿಲ್ಲ. ನನಗೂ ತಿಳಿದಿಲ್ಲ.