ಎಣ್ಣೆ ನಿಲ್ಲದ ಎದೆ

ಹರಳೆಣ್ಣೆ ಕಾಯ್ದ ವಾಸನೆ, ಬೆನ್ನಿಗೆ ಈಚಲು ಚಾಪೆಯ ಗೀರು, ಯುಗಾದಿ ಬಿಸಿಲು ನೇರ ಕಣ್ಣಿಗೇ ಬೀಳುತ್ತಿದೆ — ಅಲ್ಲಾಡ್ಬೇಡಿ ಅನ್ನುತ್ತಾಳೆ ಹೆಂಡತಿ ಭಾರತಮ್ಮ, ನಾನೆಲ್ಲಿ ಅಲ್ಲಾಡಿದೆ ತಾಯಿ, ಹೋದ ವರ್ಷ, ಎಂಬತ್ತೆರಡನೇ ಇಸವಿಯ ಯುಗಾದಿ ಆಸ್ಪತ್ರೆಯಲ್ಲೇ ಕಳೆಯಿತು, ಎದೆಯ ಆಪರೇಷನ್ ಆದಮೇಲೆ ಇದೇ ಮೊದಲ ಎಣ್ಣೆಸ್ನಾನ. ಅಮ್ಮ ಹೀಗೇ ಮಲಗಿಸಿಕೊಂಡು ನನ್ನ ಎದೆಯ ಗುಳಿಗೆ ಎಣ್ಣೆ ಸುರಿಯುತ್ತಿದ್ದಳು, ಹುಟ್ಟಿದಾಗಿನಿಂದ ಇದ್ದ ಗುಳಿ, ನಾ ಬಂಗಾರು ಗಿನ್ನೆ, ನನ್ನ ಬಂಗಾರದ ಬಟ್ಟಲು, ಅಂತ ತೆಲುಗಿನಲ್ಲಿ ಮುದ್ದು, ಆ ಬಟ್ಟಲಿಗೇ ಬೆರಳು ಅದ್ದಿ ನೆತ್ತಿಗೆ, ಕಿವಿಗೆ, ಪಾದಕ್ಕೆ, ಸೊಸೆಗೂ ಅದನ್ನೇ ಕಲಿಸಿದಳು. ಬಂಗಾರವಂತೆ! ಒಳಗೆ ಆ ಗುಳಿಬಿದ್ದ ಎದೆಮೂಳೆ ಗುಂಡಿಗೆಯನ್ನು ಅದುಮಿ ಪಕ್ಕಕ್ಕೆ ತಳ್ಳಿತ್ತು, ರಕ್ತ ತುಂಬಿಕೊಳ್ಳುವುದಕ್ಕೇ ಜಾಗವಿಲ್ಲ ಪಾಪ, ಶ್ರೀನಿವಾಸಪುರದ ಬಸ್ಸಿಗೆ ಓಡಿದರೆ ಕಣ್ಣು ಕತ್ತಲೆ, ಮಾವಿನ ತೋಟದ ಯಜಮಾನ ನಾನು, ಮರ ಹತ್ತುವವನು ಇವಳ ತಮ್ಮ ಆಂಜಿನಪ್ಪ, ಭಾವ ನೀವು ಕೆಳಗೇ ಇರಿ, ಬುಟ್ಟಿ ಹಿಡ್ಕೊಳ್ಳಿ — ನಮ್ಮ ಮನೆತನದಲ್ಲಿ ಹಬ್ಬದ ತೋರಣದ ಸೊಪ್ಪನ್ನು ಯಜಮಾನನೇ ಮರ ಹತ್ತಿ ಕೀಳಬೇಕು, ಅದನ್ನೂ ಅವನೇ ಕೀಳುತ್ತಿದ್ದ, ಮೈಯೆಲ್ಲ ಉರಿಯುತ್ತಿತ್ತು ನನಗೆ. ಬೆಂಗಳೂರಿನ ಡಾಕ್ಟರು ಬಾಯಿಬಿಟ್ಟು ಹೇಳಿದ್ದರು, ನೋಡಪ್ಪ, ಮೂಳೆ ಎತ್ತಿ ಕೂರಿಸ್ತೀನಿ, ಎದೆ ಸಮ ಆಗುತ್ತೆ, ಗುಂಡಿಗೆಗೂ ಅನುಕೂಲ ಆಗುತ್ತಾ ಅಂದ್ರೆ ಈ ವಯಸ್ಸಲ್ಲಿ ಗ್ಯಾರಂಟಿ ಕೊಡೋಕಾಗಲ್ಲ, ನಮ್ಮಲ್ಲೇ ಒಬ್ಬೊಬ್ಬರು ಒಂದೊಂದು ಹೇಳ್ತಾರೆ — ಬರೀ ಅಂದಕ್ಕೆ ಎದೆ ಕೊಯ್ಸ್ಕೊಳ್ತೀರಾ ಅಂತ ಇವಳು ಅತ್ತಿದ್ದಳು, ಈಗಲೂ ನಾನು ನಿದ್ದೆ ಮಾಡುವಾಗ ಉಸಿರು ನೋಡುತ್ತಾಳೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ.

ಬೆಳಿಗ್ಗೆ ಅವಳು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಾಗ ಹಿತ್ತಿಲ ರಸಪುರಿ ಮಾವಿನ ಮರ ಹತ್ತಿದೆ, ಮೊದಲ ಕವಲು, ಅದರ ಮೇಲಿನದು, ಈಗ ಕಣ್ಣಿಗೆ ಕತ್ತಲೆ ಬರುತ್ತೆ ಈಗ ಬರುತ್ತೆ ಅಂತ ಕೊಂಬೆ ತಬ್ಬಿಕೊಂಡು ಕಾದೆ, ಬರಲಿಲ್ಲ, ಗುಂಡಿಗೆ ತನ್ನ ಪಾಡಿಗೆ ದುಡಿಯುತ್ತಿತ್ತು, ನಮ್ಮ ಮನೆಯ ಹೆಂಚನ್ನು ಮೇಲಿನಿಂದ ನೋಡಿದ್ದು ಇದೇ ಮೊದಲು, ಲೇ ಆಂಜಿನಪ್ಪಾ ಅಂತ ಕೂಗಬೇಕು ಅನ್ನಿಸುವಷ್ಟು ಖುಷಿ, ಇಳಿದು ಬಂದು ತೋರಣ ಕಟ್ಟಿದೆ. ಆಂಜಿನಪ್ಪ ಎಷ್ಟೊತ್ತಿಗೆ ಬಂದು ಹೋದ ಅನ್ನುತ್ತಾಳೆ ಈಗ, ಅವನು ಬರಲೇ ಇಲ್ಲ ಕಣೇ, ಮತ್ತೆ ಸೊಪ್ಪು ಯಾರು ಕಿತ್ತಿದ್ದು, ನಾನು ನಗುತ್ತೇನೆ, ಅವಳ ಕಣ್ಣು ತರಚಿದ ನನ್ನ ಮೊಣಕಾಲಿಗೆ ಬೀಳುತ್ತದೆ, ಅಯ್ಯೋ ನನ್ನಪ್ಪಾ, ಗಾಬರಿಗೆ ಹಳೇ ಅಭ್ಯಾಸದ ಕೈ ಎಣ್ಣೆಯನ್ನೆಲ್ಲ ಎದೆಯ ನಡುವೆಯೇ ಸುರಿಯುತ್ತದೆ — ನಿಲ್ಲುವುದಿಲ್ಲ, ಹೊಲಿಗೆಯ ಗೆರೆ ದಾಟಿ ಪಕ್ಕೆಗೆ, ಚಾಪೆಗೆ, ತಡೆಯಲು ಅಂಗೈ ಅಡ್ಡ ಇಡುತ್ತಾಳೆ, ಇಟ್ಟವಳು ತೆಗೆಯುವುದಿಲ್ಲ, ಅಂಗೈ ಕೆಳಗೆ ಆ ಹಳೇ ಧಡಧಡ ಇಲ್ಲ, ನಿಧಾನ, ನಿಧಾನ, ಎಲ್ಲಿ ಹೋಯ್ತ್ರೀ ನಿಮ್ಮ ಗಿನ್ನೆ ಅನ್ನುತ್ತಾಳೆ, ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಅವಳ ಬೆರಳ ಸಂದಿಯಿಂದ ಎಣ್ಣೆ ಹರಿಯುತ್ತಿದೆ, ನಿಲ್ಲದೆ, ಬೆಚ್ಚಗೆ, ಎಣ್ಣೆ —