ಬೀಟ್‌ರೂಟ್‌ನ ಸ್ವಂತ ಬಿಲ

ಹೆಸ್ಟರ್ ಕ್ರೇಗಿ ಒಪ್ಪದೆ ಬೀಟ್‌ರೂಟ್ ಎಂಬ ವೊಂಬ್ಯಾಟ್ ಮರಿ ಬೆಟ್ಟ ಸೇರುವಂತಿರಲಿಲ್ಲ. ಆಕೆ ಒಪ್ಪುವ ಲಕ್ಷಣವೂ ಕಾಣುತ್ತಿರಲಿಲ್ಲ. ಸ್ನೋಯಿ ಪರ್ವತದ ತಪ್ಪಲಿನ ಊರುಗಳಲ್ಲಿ, ತಾಯಿ ಸತ್ತ ಕಾಡುಮರಿಗಳನ್ನು ಸಾಕಿ ಮರಳಿ ಕಾಡಿಗೆ ಬಿಡುವವರ ಸಂಘಕ್ಕೆ ಆಕೆ ಹಿರಿಯಳು. ಮರಿಯನ್ನು ಸಾಕಿದ ಥೆಲ್ಮಾಳ ಹಿತ್ತಿಲಿಗೆ ಬಂದು ನಿಂತ ಹೆಸ್ಟರಳ ಬೂಟಿನ ಮೇಲೆ ಗಲ್ಲವಿಟ್ಟು, ಬಿಲ ತೋಡಿ ಬಾಳುವ ಜಾತಿಯ ಆ ಗುಂಡುಮೈಯ ವೊಂಬ್ಯಾಟ್ ನಿದ್ದೆಹೋದಾಗ ಅವಳ ಹುಬ್ಬು ಗಂಟಿಕ್ಕಿತು.

"ಇದು ವೊಂಬ್ಯಾಟೋ ದಿಂಬೋ?" ಎಂದಳು. "ಜನರನ್ನ ಕಂಡ್ರೆ ಓಡಿಬರೋದನ್ನ ಬೆಟ್ಟಕ್ಕೆ ಬಿಟ್ರೆ ರಸ್ತೆಗಿಳಿದು ಲಾರಿಗೋ ನಾಯಿಗೋ ಸಿಕ್ಕಿ ಸಾಯತ್ತೆ ಕಣೇ ಥೆಲ್ಮಾ. ಹಿಮ ಬೀಳೋ ಮುಂಚೆ ಒಂದ್ಸಲ ಪರೀಕ್ಷೆ ಮಾಡೋಣ. ಆಗ್ಲೂ ಹೀಗೇ ಆದ್ರೆ ಬೇಲಿಯೊಳಗಿನ ಉದ್ಯಾನವೇ ಗತಿ."

ಬೇಲಿಯೊಳಗಿನ ಉದ್ಯಾನವೆಂದರೆ, ಪ್ರವಾಸಿಗಳ ಕೈಯಿಂದ ಕ್ಯಾರೆಟ್ ತಿನ್ನುತ್ತ, ಅವರ ಪಟಗಳಿಗೆ ಮುಖವೊಡ್ಡುತ್ತ ಬಾಳು ಸವೆಸುವುದು. ಆಯುಷ್ಯವೆಲ್ಲ ಶಾಲೆಯ ಬಸ್ಸು ಓಡಿಸಿ, ಎಂಥ ಪುಂಡರನ್ನೂ ಕನ್ನಡಿಯೊಳಗಿನ ಒಂದೇ ನೋಟದಿಂದ ಕೂರಿಸಿದ್ದ ಥೆಲ್ಮಾ ಆ ದಿನ ತಲೆ ತಗ್ಗಿಸಿದಳು.

ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ರಸ್ತೆಬದಿ ಸತ್ತುಬಿದ್ದ ತಾಯಿಯ ಹೊಟ್ಟೆಯ ಚೀಲದಿಂದ ತೆಗೆದಾಗ ಮರಿಗೆ ರೋಮವಿರಲಿಲ್ಲ. ಕೆಂಪಗೆ, ಮಣ್ಣಿನಿಂದ ಆಗತಾನೆ ಕಿತ್ತ ಗೆಡ್ಡೆಯಂತಿತ್ತು. ಬೀಟ್‌ರೂಟ್ ಎಂದು ಹೆಸರಿಟ್ಟವನು ಅವಳ ಗಂಡ ಲೈಲ್. ಅದಕ್ಕೂ ಮುಂಚೆ ಸಾಕಿದ ಮರಿಗಳು ಅವಳ ಕೈಯಲ್ಲೇ ಕಣ್ಣು ಮುಚ್ಚಿದ್ದವು. ಆದ್ದರಿಂದ ಇದು ಬದುಕಿದಾಗ ಸಂಘದ ನಿಯಮ ಮರೆತುಹೋಯಿತು. ಹಾಲು ಬಿಟ್ಟ ಮರಿಯನ್ನು ಮುಟ್ಟಬಾರದು, ಮಾತಾಡಿಸಬಾರದು. ಅವಳ ಬೆರಳುಗಳೋ ತಾವಾಗಿಯೇ ಅದರ ಕಿವಿಯ ಹಿಂದೆ ತುರಿಸಲು ಹೋಗುತ್ತಿದ್ದವು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಿನಗೆ ಹೆರದೇನೇ ಸಿಕ್ತಲ್ಲ," ಎಂದು ಲೈಲ್ ಚುಡಾಯಿಸುತ್ತಿದ್ದ. ಅವನೇನು ಕಡಿಮೆಯೇ? ಹೆಂಚಿನ ಮೇಲೆ ಕುಣಿಯುವ ಪೊಸಮ್‌ಗಳಿಗೂ, ಕಾವಲಿಯಿಂದ ಸಾಸೇಜ್ ಎತ್ತಿಕೊಂಡು ಹಾರುವ ಕೂಕಬರಾ ಹಕ್ಕಿಗೂ ಬಾಯಿಗೆ ಬಂದಂತೆ ಬೈಯುವವನು, ಬೀಟ್‌ರೂಟ್ ತಮ್ಮ ಮಲಗುವ ಕೋಣೆಯ ಅಡಿಗೇ ಸುರಂಗ ತೋಡಿ ಮನೆಯ ಒಂದು ಮೂಲೆ ಕುಸಿದಾಗ ನೆರೆಯವರನ್ನೆಲ್ಲ ಕರೆತಂದು ತೋರಿಸಿದ. ನೆಲ ವಾಲಿ ಬೀರುವಿನ ಬಾಗಿಲು ತಾನಾಗಿಯೇ ತೆರೆದುಕೊಳ್ಳುವುದನ್ನು ಮಗನ ಪ್ರಶಸ್ತಿಪತ್ರದಂತೆ ವರ್ಣಿಸಿದ.

ಹೆಸ್ಟರ್ ಬಂದುಹೋದ ಮೇಲೆ ಥೆಲ್ಮಾ ಎದೆಯನ್ನು ಕಲ್ಲು ಮಾಡಿಕೊಂಡಳು. ಹುಲ್ಲು, ಬೇರು ಇಟ್ಟು ಹಿಂದಿರುಗಿ ನೋಡದೆ ಬರುವಳು. ಅದು ಹಿತ್ತಿಲ ಬಾಗಿಲಿಗೆ ಮೂಗು ಉಜ್ಜಿದರೆ ಒಳಗೆ ರೇಡಿಯೋ ಜೋರಾಗುತ್ತಿತ್ತು. ಒಂದೇ ಒಂದು ಕ್ಯಾರೆಟ್ ಕೊಟ್ಟು ಬರಲೇ ಎಂದು ಗೋಗರೆದ ಲೈಲ್‌ನಿಗೂ ಹಳೆಯ ಬಸ್ಸಿನ ನೋಟವೇ ಉತ್ತರವಾಯಿತು.

ಶರತ್ಕಾಲ ಮುಗಿಯುತ್ತ ಬಂದಾಗ ಮೂವರೂ ಬೀಟ್‌ರೂಟ್‌ನನ್ನು ಪಂಜರದಲ್ಲಿಟ್ಟುಕೊಂಡು ಬೆಟ್ಟ ಹತ್ತಿದರು. ಗಾಳಿಗೆ ಮೈ ತಿರುಚಿಕೊಂಡ ಹಿಮದಲ್ಲೂ ಬೆಳೆಯುವ ನೀಲಗಿರಿ ಮರಗಳ ನಡುವೆ, ತೊರೆಯ ದಡದಲ್ಲಿ, ಯಾವುದೋ ವೊಂಬ್ಯಾಟ್ ಬಿಟ್ಟುಹೋದ ಹಳೆಯ ಬಿಲವೊಂದಿತ್ತು. ಪಂಜರ ತೆರೆದು ದೂರ ನಿಲ್ಲಬೇಕು, ಯಾರೂ ಕರೆಯಕೂಡದು, ಅದು ಜನರ ಬಳಿಗೇ ಮರಳಿದರೆ ಮತ್ತೆ ಪಂಜರಕ್ಕೆ, ಎಂದು ಹೆಸ್ಟರ್ ಕಟ್ಟುನಿಟ್ಟಾಗಿ ಹೇಳಿದಳು.

ಬೀಟ್‌ರೂಟ್ ಹೊರಬಂದು ಗಾಳಿ ಮೂಸಿತು. ಜೊಂಡುಹುಲ್ಲು ಕಿತ್ತು ತಿಂದಿತು. ಬಿಲದೊಳಗೆ ನುಗ್ಗಿ, ಹಿಂಗಾಲಿನಿಂದ ಮಣ್ಣು ಚಿಮ್ಮಿಸಿ ಬಾಗಿಲು ಅಗಲಿಸಿತು. ಲೈಲ್ ಹೆಂಡತಿಯ ಕೈ ಅದುಮಿದ. ಆದರೆ ಅಷ್ಟರಲ್ಲೇ ಅದು ಹೊರಬಂದು, ಸುತ್ತ ನೋಡಿ, ನೆಟ್ಟಗೆ ಥೆಲ್ಮಾಳ ಬಳಿಗೆ ನಡೆದು, ಅವಳ ಬೂಟಿನ ಮೇಲೆ ಗಲ್ಲವಿಟ್ಟಿತು.

ಹೆಸ್ಟರ್ ಕಲ್ಲೆದೆಯವಳಲ್ಲ. ಆದರೂ ಪಂಜರವನ್ನೆತ್ತಿಕೊಂಡಳು.

"ಒಂಚೂರು ತಾಳು," ಎಂದು ಥೆಲ್ಮಾ ಬಿಲದತ್ತ ನಡೆದಳು. ಬೀಟ್‌ರೂಟ್ ಕರುವಿನಂತೆ ಅವಳ ಹಿಂದೆಯೇ ಹೊರಟಿತು. ಅವಳು ಮಂಡಿಯೂರಿ, ಬಿಲದ ಬಾಯಿಗೆ ತಲೆಯನ್ನೂ ಎರಡೂ ತೋಳುಗಳನ್ನೂ ತೂರಿಸಿ, ಮಣ್ಣನ್ನು ಹೊರಗೆ ಬಾಚತೊಡಗಿದಳು.

"ಕರೀಬಾರ್ದು ಅಂದಿದ್ದೆ," ಎಂದಳು ಹೆಸ್ಟರ್.

"ಎಲ್ಲಿ ಕರೆದೆ?" ಒಳಗಿನಿಂದ ಥೆಲ್ಮಾಳ ದನಿ ಬಂತು. "ಅವನ ಮನೆ ಕಿತ್ಕೋತಿದೀನಿ."

ಬೀಟ್‌ರೂಟ್ ನಿಂತಿತು. ಹಿತ್ತಿಲಲ್ಲಿ ಎಂದೂ ಕೇಳದ ಒಂದು ಗುರುಗುಟ್ಟು ಅದರ ಗಂಟಲಿನಿಂದ ಹೊರಟಿತು. ಮರುಕ್ಷಣ ಆ ದಿಂಬು ಗುಂಡುಕಲ್ಲಾಯಿತು. ಅದು ಓಡಿಬಂದು ಹಾಯ್ದ ರಭಸಕ್ಕೆ ಥೆಲ್ಮಾ ಹುಲ್ಲಿನ ಮೇಲೆ ಉರುಳಿದಳು. ಉರುಳುವಾಗಲೇ ಅವಳ ಮೀನಖಂಡಕ್ಕೆ ಹಲ್ಲೂ ನಾಟಿತು. ಆಮೇಲೆ ಅದು ಒಳಗೆ ನುಗ್ಗಿ, ತನ್ನ ಅಗಲವಾದ ಗಟ್ಟಿ ಪೃಷ್ಠದಿಂದ ಬಿಲದ ಬಾಯನ್ನು ಬೆಣೆ ಹೊಡೆದಂತೆ ಮುಚ್ಚಿತು. ಬೆಟ್ಟದಲ್ಲಿ ಹುಟ್ಟಿ ಬೆಳೆದ ವೊಂಬ್ಯಾಟ್ ಕಾಡುನಾಯಿಯೆದುರು ಮಾಡುವುದೂ ಅದನ್ನೇ. ಯಾರೂ ಕಲಿಸಿರಲಿಲ್ಲ.

ಹೆಸ್ಟರ್ ಬಾಗಿ ಬಹಳ ಹೊತ್ತು ನೋಡಿದಳು. ಬೂಟಿನ ತುದಿಯಿಂದ ಒತ್ತಿದಳು. ಅದು ಅಲುಗಲಿಲ್ಲ.

"ಈಗ ಕರಿ," ಎಂದಳು.

ಥೆಲ್ಮಾಳ ಕಣ್ಣುಗಳು ತುಂಬಿದವು. ವಾರಗಟ್ಟಲೆ ಗಂಟಲಲ್ಲೇ ನುಂಗಿಕೊಂಡಿದ್ದ ದನಿಯನ್ನು ಹೊರತೆಗೆದು, ಹಾಲಿನ ಬಾಟಲಿ ಹಿಡಿದು ಕರೆಯುತ್ತಿದ್ದ ಹಾಗೆಯೇ, "ಬಾರೋ ಬೀಟ್‌ರೂಟ್, ಬಾರೋ ನನ್ನಪ್ಪ," ಎಂದಳು. ಉತ್ತರವಾಗಿ ಹಿಂಗಾಲುಗಳು ಝಾಡಿಸಿದವು. ಒಂದು ಬೊಗಸೆ ಕರಿಮಣ್ಣು ಬಂದು ಅವಳ ಮುಖಕ್ಕೇ ಬಡಿಯಿತು.

ಹೆಸ್ಟರ್ ಖಾಲಿ ಪಂಜರವನ್ನು ತಾನೇ ಹೊತ್ತುಕೊಂಡು ಇಳಿಯತೊಡಗಿದಳು. ತನ್ನ ಕಾಲದಲ್ಲಿ ಇಂಥ ಪರೀಕ್ಷೆಯನ್ನು ಕಂಡಿಲ್ಲವೆಂದೂ, ಮುಂದೆ ಬರುವ ಮೊಂಡು ಮರಿಗಳನ್ನೆಲ್ಲ ಥೆಲ್ಮಾಳಿಗೇ ಒಪ್ಪಿಸುವೆನೆಂದೂ ದಾರಿಯುದ್ದಕ್ಕೂ ಹೇಳಿದಳು. ಲೈಲ್ ಹೆಗಲು ಕೊಡಲು ಬಂದರೆ ಥೆಲ್ಮಾ ಬೇಡವೆಂದಳು. ಕುಂಟುತ್ತಲೇ, ತಲೆಯೆತ್ತಿ, ಇಬ್ಬರಿಗಿಂತಲೂ ಮುಂದೆ ಇಳಿದಳು.

ತಪ್ಪಲಿನ ಪೆಟ್ರೋಲ್ ಬಂಕಿನಲ್ಲಿ ಚಹಾ ಕೊಡುವ ಹೆಂಗಸು ಅವಳ ಮಣ್ಣು ಮೆತ್ತಿದ ಮುಖವನ್ನೂ ಹರಿದ ಷರಾಯಿಯನ್ನೂ ನೋಡಿ ಗಾಬರಿಯಾಗಿ, ಒರೆಸಿಕೊಳ್ಳಲು ಬಟ್ಟೆ ನೀಡಿ, ಎಲ್ಲಿ ಬಿದ್ದಿರೆಂದು ವಿಚಾರಿಸಿದಳು.

ಥೆಲ್ಮಾ ಬಟ್ಟೆ ಮುಟ್ಟಲಿಲ್ಲ.

"ಮಗ ಹೊಸ ಮನೆ ಮಾಡಿದಾನೆ, ನೋಡೋಕೆ ಹೋಗಿದ್ವಿ ಕಣಮ್ಮ," ಎಂದಳು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ಒಳಗೇ ಬಿಟ್ಕೊಳ್ಲಿಲ್ಲ."